ಒಂದನೇ ಇಯತ್ತೆ ದಾಟದ ನಮ್ಮ ಸಡ್ಡಕರು

ನಮ್ಮ ಸಡ್ಡಕರು ಒಂದನೇ ಇಯತ್ತೆಯಲ್ಲಿ ಕುಳಿತು ಇಪ್ಪತ್ತು ವರ್ಷದ ಮೇಲಾಯಿತು, ಇನ್ನೂ ಪಾಸಾಗಿಲ್ಲ! ಆಗುವ ಲಕ್ಷಣವೂ ಕಾಣುವುದಿಲ್ಲ. ಜೊತೆಗೆ ಕುಳಿತ ಹುಡುಗರು ಎರಡನೆಯದಕ್ಕೆ ಹೋದರು, ಏಳನೆಯದಕ್ಕೆ ಹೋದರು, ಕೆಲವರಿಗೆ ಮೀಸೆ ಬಂತು, ಮದುವೆಯಾಯಿತು, ಅವರ ಮಕ್ಕಳು ಸಾಲೆಗೆ ಬರುವ ಹೊತ್ತೂ ಆಯಿತು. ಇವರು ಮಾತ್ರ ಅದೇ ಚಾಪೆ, ಅದೇ ಪಾಟಿ, ಅದೇ ಮೊದಲನೇ ಪಾಠ!

ಗಾಬರಿಯಾಗಬೇಡಿ, ಅವರು ಅಲ್ಲಿ ಮಾಸ್ತರರು. ಮೊದಲು ಕಣಕುಂಬಿ ಕಡೆಯ ಕಾಡಿನ ಸಾಲೆಯಲ್ಲಿದ್ದರು, ಈಗ ಖಾನಾಪುರದಲ್ಲಿ ಇದ್ದಾರೆ. ಸಂಬಂಧದಲ್ಲಿ ನನ್ನ ಹೆಂಡತಿಯ ಅಕ್ಕನ ಗಂಡ. ಓದಿದ್ದು ಎಂ.ಎ., ಅದೂ ಫಸ್ಟ್ ಕ್ಲಾಸಿನಲ್ಲಿ. (ಈ ಮಾತು ಬರೆಯುವಾಗ ನನ್ನ ಪೆನ್ನು ಸ್ವಲ್ಪ ತಡೆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.) ಹೈಸ್ಕೂಲಿಗೆ ಹೋಗಿರೆಂದು ಮೇಲಿನವರು ಕರೆದರೂ ಹೋಗಲಿಲ್ಲ. ಹೋಗಲಿ, ಎರಡನೇ ಇಯತ್ತೆಗಾದರೂ ಹೋಗಬಾರದೆ? ಅದೂ ಇಲ್ಲ!

"ಎರಡನೇದಕ್ಕ ಬರೂದ್ರಾಗ ಹುಡುಗೂರು ಭಾಳ ಶಾಣ್ಯಾ ಆಗಿರ್ತಾವ್ರಿ ಸಾಹೇಬ್ರ, ನನಗ ಸಂಭಾಳ್ಸಾಕ ಆಗಂಗಿಲ್ಲ" ಎನ್ನುತ್ತಾರೆ.

ನಾನು ಬೆಳಗಾವಿಯ ಒಂದು ಆಫೀಸಿನಲ್ಲಿ ಗುಮಾಸ್ತ. ನನ್ನನ್ನು ಸಾಹೇಬ್ರ ಎಂದು ಕರೆಯುವವರು ಈ ಭೂಮಿಯ ಮೇಲೆ ಅವರೊಬ್ಬರೇ, ಅದೂ ಹಲ್ಲು ಕಿಸಿದು!

ಗುಮಾಸ್ತನಾದರೇನು, ನಾನು ಬಿ.ಎ. ಅದು ಎಂಥ ಬಿ.ಎ. ಗೊತ್ತೇ? ದೇಸೂರಿನ ಆಚೆ ನಮ್ಮದು ಎಮ್ಮೆ ಸಾಕುವ ಮನೆತನ. ನಮ್ಮ ವಂಶದಲ್ಲಿ ನನಗಿಂತ ಮೊದಲು ಕಾಲೇಜು ಮೆಟ್ಟಿಲು ಹತ್ತಿದ್ದು ಹಾಲಿನ ಕ್ಯಾನು ಮಾತ್ರ, ಅದೂ ಕಾಲೇಜಿನ ಕ್ಯಾಂಟೀನಿಗೆ! ಬೆಳಿಗ್ಗೆ ಹಾಲು ಹಿಂಡಿ, ದೇಸೂರ ಸ್ಟೇಷನ್ನಿಗೆ ಓಡಿ, ರೈಲಿನ ಬಾಗಿಲಲ್ಲಿ ನಿಂತು ಓದಿ ಪಡೆದ ಪದವಿ ಅದು. ಬಾಡಿಗೆಯ ಕರಿ ಗೌನು ತೊಟ್ಟು ತೆಗೆಸಿಕೊಂಡ ಫೋಟೋವನ್ನು ಅನಗೋಳದ ನಮ್ಮ ಮನೆಯಲ್ಲಿ, ಬಾಗಿಲು ತೆಗೆದೊಡನೆ ಕಣ್ಣಿಗೆ ಬೀಳುವಂತೆ, ದೇವರಿಗಿಂತ ಒಂದು ಗೇಣು ಕೆಳಗೆ ತೂಗುಹಾಕಿದ್ದೇನೆ. ಬಂದವರೆಲ್ಲ ನೋಡಿ ಹೊಗಳಿದ್ದಾರೆ. ಇವರು ಮೊದಲ ಸಲ ಬಂದಾಗ ಏನೆಂದರು?

"ಫೋಟೋ ಚಲೋ ಐತ್ರಿ ಸಾಹೇಬ್ರ. ಒಂದ್ ಕಣ್ಣು ಯಾಕ ಮುಚ್ಚೀರಿ?"

ಅಲ್ಲಿಯ ತನಕ ಅದನ್ನು ಯಾರೂ ಗಮನಿಸಿರಲಿಲ್ಲ. ಅಂದಿನಿಂದ ಯಾರೂ ಬೇರೇನನ್ನೂ ಗಮನಿಸಿಲ್ಲ!

ಇಷ್ಟು ಕಾಲ ಆರು ವರ್ಷದ ಮಕ್ಕಳ ನಡುವೆ ಇದ್ದರೆ ಮನುಷ್ಯನಿಗೆ ಏನಾಗುತ್ತದೆಂದು ನೋಡಬೇಕಾದರೆ ಅವರೊಡನೆ ಪೇಟೆಗೆ ಹೋಗಬೇಕು. ಅಂಗಡಿಯವನು ಸರಿಯಾಗಿ ಚಿಲ್ಲರೆ ಕೊಟ್ಟರೆ, "ಶಾಬ್ಬಾಸ್! ಎಲ್ಲಾರೂ ಚಪ್ಪಾಳಿ ಹೊಡೀರಿ" ಎನ್ನುತ್ತಾರೆ. ಬಸ್ಸಿನಲ್ಲಿ ಪಕ್ಕದ ಮುದುಕರ ಅಂಗಿಯ ಗುಂಡಿ ತಪ್ಪಿದ್ದರೆ ಕೇಳದೆಯೇ ಬಿಚ್ಚಿ ಸರಿಯಾಗಿ ಹಾಕುತ್ತಾರೆ. ಒಮ್ಮೆ ನಮ್ಮ ಆಫೀಸಿಗೆ ಬಂದವರು ನಮ್ಮ ದೊಡ್ಡ ಸಾಹೇಬರ ಮೂಗನ್ನೇ ಒರೆಸಿಬಿಡುತ್ತಿದ್ದರು, ನಾನು ನಡುವೆ ಹೋಗಿ ಕೈ ಹಿಡಿದೆ.

ಖಾನಾಪುರದಲ್ಲಿ ನಡೆದ ಒಂದು ಮದುವೆಯನ್ನಂತೂ ನಾನು ಮರೆಯುವಂತಿಲ್ಲ. ವರ ಕಣಕುಂಬಿ ಕಡೆಯ ಹುಡುಗ. ಊಟದ ಪಂಗ್ತಿಯಲ್ಲಿ ಗದ್ದಲವೋ ಗದ್ದಲ. ಕನ್ನಡದಲ್ಲಿ ಒಬ್ಬರು, ಮರಾಠಿಯಲ್ಲಿ ಒಬ್ಬರು ಅನ್ನಕ್ಕೆ ಕೂಗುತ್ತಿದ್ದಾರೆ, ಬಡಿಸುವವರಿಗೆ ಏನೂ ಕೇಳಿಸುತ್ತಿಲ್ಲ. ಇವರು ಎದ್ದು ನಿಂತು ಎರಡು ಚಪ್ಪಾಳೆ ತಟ್ಟಿ, "ಕೈ ಎಲ್ಲಿ?" ಎಂದರು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅರ್ಧ ಪಂಗ್ತಿ ತಟ್ಟನೆ ಕೈ ಕಟ್ಟಿ ಕುಳಿತುಬಿಟ್ಟಿತು! ಎಲ್ಲರೂ ಇವರ ಹಳೆಯ ವಿದ್ಯಾರ್ಥಿಗಳು. ಬಡಿಸುತ್ತಿದ್ದವನೊಬ್ಬ ಸಾರಿನ ಬಕೆಟ್ಟನ್ನು ಕೆಳಗಿಟ್ಟು ಕೈ ಕಟ್ಟಿದ. ಅತ್ತ ವೇದಿಕೆಯ ಮೇಲೆ ಫೋಟೋಕ್ಕೆ ನಿಂತಿದ್ದ ವರ, ಬಾಸಿಂಗದ ಸಮೇತ, ವಧುವಿನ ಕೈ ಬಿಟ್ಟು ಕೈ ಕಟ್ಟಿದ! ವಧು ಅಳುವಂತಾದಳು. ನಮ್ಮ ಅತ್ತೆ ಮಾತ್ರ ಹಿಗ್ಗಿ ಹೀರೇಕಾಯಿಯಾಗಿ ಪಕ್ಕದವರಿಗೆ, ನನಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದರು:

"ನಮ್ಮ ದೊಡ್ಡ ಅಳ್ಯಾರು ಬಂದ್ರ ಮನಿ ತುಂಬ ಮಕ್ಕಳು ಬಂದಂಗ ಆಗ್ತದವಾ. ಸಣ್ಣ ಅಳ್ಯಾರು ಬಂದ್ರ ಆಫೀಸಿನಿಂದ ನೋಟೀಸ್ ಬಂದಂಗ!"

ನಾನು ಜಿಲೇಬಿ ಬಿಟ್ಟು ಎದ್ದೆ. ಇಲ್ಲ, ಅರ್ಧ ತಿಂದು ಎದ್ದೆ. ಸುಳ್ಳೇಕೆ ಹೇಳಲಿ?

ಇಷ್ಟಾದರೂ ನನ್ನ ಹೊಟ್ಟೆಕಿಚ್ಚು ಆಗ ಬರೀ ಹೊಗೆಯಾಡುತ್ತಿತ್ತು. ಉರಿ ಹತ್ತಿದ್ದು ನನ್ನ ಮಗಳು ಒಂದನೇ ಇಯತ್ತೆಗೆ ಸೇರಿದ ವರ್ಷ. ನಮ್ಮ ಆಫೀಸಿಗೆ ಆಗಷ್ಟೇ ಕಂಪ್ಯೂಟರ್ ಬಂದು, ಧೂಳು ಬೀಳದಂತೆ ಅದಕ್ಕೆ ಹೂವಿನ ಚಾದರ ಹೊದಿಸಿ, ಯಾರೂ ಮುಟ್ಟದೆ ಕೈಮುಗಿಯುತ್ತಿದ್ದ ಕಾಲ ಅದು.

ನನಗೊಂದು ಆಸೆಯಿತ್ತು. ದೊಡ್ಡದೇನಲ್ಲ. ನನ್ನ ಮಗಳು ಬದುಕಿನಲ್ಲಿ ಮೊಟ್ಟಮೊದಲು ಒಂದು ಸಾಲು ತಾನಾಗಿ ಓದುತ್ತಾಳಲ್ಲ, ಅದನ್ನು ನಾನು ಕೇಳಬೇಕು, ನನ್ನ ಮುಂದೆ ಓದಬೇಕು. ಅಷ್ಟೇ. ನಾನು ಹಾಗೆ ಓದಿದ ದಿನ ಪಾಟಿ ಹಿಡಿದು ಮನೆಗೆ ಓಡಿದ್ದೆ. ನಮ್ಮಪ್ಪ ಎಮ್ಮೆಯ ಮೈ ತಿಕ್ಕುತ್ತಿದ್ದ. ನಾನು ಓದಿದೆ. "ಚಲೋ ಆತು, ಆ ಬಕೀಟ ಕೊಡು" ಅಂದ. ಅವನ ತಪ್ಪಲ್ಲ. ನಾನು ಏನು ಮಾಡಿದೆನೆಂದು ತಿಳಿಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಈಗ ನನ್ನ ಮನೆಯಲ್ಲಿ ಇದ್ದಾರೆ. ನಾನಿದ್ದೇನೆ!

ಮಗಳ ಸಾಲೆಯಲ್ಲಿ ಕಲಿಸುವ ಅಕ್ಕೋರಿಂದ ಅಪಾಯವಿರಲಿಲ್ಲ. ಕೋಣೆ ತುಂಬಿ ವರಾಂಡಕ್ಕೆ ಚೆಲ್ಲುವಷ್ಟು ಮಕ್ಕಳು, ಪ್ರತಿಯೊಂದರ ಬಾಯಿ ನೋಡುವಷ್ಟು ಹೊತ್ತು ಪಾಪ ಅವರಿಗೆಲ್ಲಿ? ಅಪಾಯ ಬರುತ್ತಿದ್ದುದು ಖಾನಾಪುರದಿಂದ, ಪ್ರತಿ ರವಿವಾರ, ಕೈಚೀಲ ಹಿಡಿದುಕೊಂಡು.

ನಾನು ಶಿಸ್ತಿನಿಂದ ಆರಂಭಿಸಿದೆ. ಹೊಸ ಅಂಕಲಿಪಿ ತಂದೆ. ಪಾಟಿಯ ಮೇಲೆ ಪಟ್ಟಿ ಹಿಡಿದು ಗೆರೆ ಎಳೆದೆ. 'ಅ' ಬರೆದು, ಅದರ ಮೇಲೆ ತೀಡಲು ಹೇಳಿದೆ. ಮಗಳು ಅರ್ಧ ತೀಡಿ, "ಅಪ್ಪಾ, ಹೊಟ್ಟಿ ನೋಯಾಕತ್ತೇತಿ" ಅಂದಳು. ಮರುದಿನ ಕಾಲು ನೋವು. ಅದರ ಮರುದಿನ ಕೂದಲು ನೋವು! ಕೂದಲು ನೋಯುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ರವಿವಾರ ಇವರು ಬಂದರು. ಚೀಲದಿಂದ ಒಂದು ಹಿಡಿ ಹುಣಸೆಬೀಜ ತೆಗೆದು ನೆಲದ ಮೇಲೆ ಸುರಿದರು. ಮಗಳು ಬೀಜಗಳನ್ನು ದುಂಡಗೆ ಜೋಡಿಸಿದಳು. ಇವರು ಅದರ ತಲೆಯ ಮೇಲೆ ನಾಲ್ಕು ಬೀಜ ಇಟ್ಟರು. "ಏನಿದು?"

"ಬಟಾಟಿ! ಜುಟ್ಟಾ ಇರೂ ಬಟಾಟಿ!"

"ಅದರ ಹೆಸರು ರ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಣ್ಣಾವ್ರ, ಮೊದಲ ಅಕ್ಷರ ಅ ಅಲ್ರಿ? ರ ಎಲ್ಲಿಂದ ಬಂತು?"

"ಈಗ ಪುಸ್ತಕದಾಗ ಹಂಗ ಐತ್ರಿ. ರ, ಗ, ಸ, ದ, ಆಮ್ಯಾಲೆ ಅ. ಅದರ ಹೊಟ್ಟ್ಯಾಗ ಎಷ್ಟು ತಿರುವು ಅದಾವ ನೋಡ್ರಿ. ಕೂಸಿನ ಕೈಗೆ ಮೊದಲ ದಿನಾನ ಘಾಟಿನ ರಸ್ತಾ ತೋರಿಸಬಾರದು."

"ನಾನು ಅ ಇಂದ ಶುರು ಮಾಡಿ ಬಿ.ಎ. ಮುಟ್ಟೀನ್ರಿ!"

"ಅದಕ್ಕ ನಿಮಗ ಅಷ್ಟು ತ್ರಾಸ ಆಗೇತಿ!" ಎಂದು ನಕ್ಕರು. ಮಗಳೂ ನಕ್ಕಳು. ಅಡುಗೆಮನೆಯಲ್ಲಿ ಬಳೆಯ ಸದ್ದಾಯಿತು, ಅಲ್ಲಿಯೂ ಯಾರೋ ನಕ್ಕರು.

ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಷರಗಳ ಹಾವಳಿ! ರೊಟ್ಟಿಯನ್ನು ಕಚ್ಚಿ ಕಚ್ಚಿ 'ಗ' ಮಾಡುವಳು. ಬಟ್ಟೆ ಒಣಹಾಕುವ ಹಗ್ಗವನ್ನು ಎಳೆದು 'ಸ' ಮಾಡಿದ್ದರಿಂದ ನನ್ನ ಆಫೀಸಿನ ಅಂಗಿ ಮಣ್ಣುಪಾಲಾಯಿತು. ಇದೆಲ್ಲ ನಾನು ಕಲಿಸಿದ್ದಾಗಿದ್ದರೆ ಎಷ್ಟು ಮುದ್ದಾಗಿರುತ್ತಿತ್ತು!

ನಾನೂ ಸುಮ್ಮನಿರಲಿಲ್ಲ. ಇವರು ಕಾಗುಣಿತವನ್ನು ಕುಣಿದು ಕಲಿಸುತ್ತಾರೆಂದು ತಿಳಿದಿತ್ತು. ಗುಡಿಸಿಗೆ ತಲೆಗೆ ಟೊಪ್ಪಿಗೆ, ಕೊಂಬಿಗೆ ಎಮ್ಮೆಯ ಹಾಗೆ ತಲೆ ಬಗ್ಗಿಸುವುದು. ಎಮ್ಮೆಯ ವಿಷಯದಲ್ಲಿ ನನಗಿಂತ ಬಲ್ಲವರು ಯಾರು? ಒಂದು ಸಂಜೆ ಬಾಗಿಲು ಹಾಕಿ, ಲುಂಗಿ ಎತ್ತಿ ಕಟ್ಟಿ, ತಲೆ ಬಗ್ಗಿಸಿ, 'ಕು' ಎಂದು ಕೂಗುತ್ತ ಮಗಳ ಕಡೆ ಓಡಿದೆ. ಅವಳು ಬಾಜು ಸರಿದಳು. ನಾನು ಪಾತ್ರೆಯ ಮಾಡಕ್ಕೆ ಗುದ್ದಿದೆ. ಹಿತ್ತಾಳೆಯ ತಂಬಿಗೆಯೊಂದು ನನ್ನ ತಲೆಯ ಮೇಲೆ ಬಿದ್ದು, ಕೊಂಬು ಖರೇನೇ ಮೂಡಿತು!

"ಅಪ್ಪಾ," ಮಗಳು ಕನಿಕರದಿಂದ ಅಂದಳು, "ನೀ ಆಫೀಸಿನ ಕೆಲಸ ಮಾಡು."

ಹೆಂಡತಿ ಅರಿಶಿನ ಹಚ್ಚುತ್ತ ಕೇಳಿದಳು, "ಏನ್ರಿ, ಕೂಸು ಕಲಿಯಾಕತ್ತೇತಲ್ಲ, ಯಾರ ಕಡಿಂದ ಕಲತ್ರ ಏನಾತು?"

ನಾನು ತಲೆಯ ಕೊಂಬನ್ನು ತಡವಿಕೊಂಡು ಅಂಕಲಿಪಿಯನ್ನು ಮತ್ತೆ ತೆರೆದೆ.

ಕೊನೆಗೆ ಒಂದು ದಿನ ರಜೆ ಹಾಕಿ ಖಾನಾಪುರಕ್ಕೆ ಹೋದೆ. ಅವರ ಸಾಲೆ ನೋಡಿ, ಒಂದಾದರೂ ತಪ್ಪು ಹಿಡಿದು, ಮನೆಗೆ ಬಂದು ಹೇಳಬೇಕೆಂಬುದೇ ಉದ್ದೇಶ. ಬಾಗಿಲಲ್ಲಿ ಇಣುಕಿದರೆ ತಪ್ಪು ಕೈಗೇ ಸಿಕ್ಕಿತು! ಮಾಸ್ತರರ ಕುರ್ಚಿಯ ಮೇಲೆ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ನಿಂತು ಬೋರ್ಡಿನ ಮೇಲೆ ಬರೆಯುತ್ತಿದ್ದಾಳೆ. ಎಂ.ಎ. ಫಸ್ಟ್ ಕ್ಲಾಸು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೈ ಕಟ್ಟಿ ಕುಳಿತಿದೆ!

"ಬಾಯಾರ," ಎಂದು ಆ ಪುಟ್ಟ ಅಕ್ಕೋರಿಗೆ ಕಿರುಬೆರಳು ಎತ್ತಿದರು ಸಡ್ಡಕರು, "ಚಾ ಕುಡದ ಬರ್ಲ್ಯಾ?"

"ಕುಂದ್ರು. ಇನ್ನಾ ಗಂಟಿ ಆಗಿಲ್ಲ" ಎಂದಳು ಹುಡುಗಿ. ಆಮೇಲೆ ನನ್ನನ್ನು ನೋಡಿದಳು. "ನೀ ಯಾರು? ಹೊಸಾ ಹುಡುಗ? ತಡಾ ಮಾಡಿ ಯಾಕ ಬಂದಿ?"

ಚಪ್ಪಲಿ ಬಿಟ್ಟು ಒಳಗೆ ಹೋದೆ. "ಬಾ, ರ ಬರೀ" ಎಂದು ಖಡು ಕೊಟ್ಟಳು. ಬೋರ್ಡಿನ ಮೇಲೆ ಬರೆದೆ. ಆಫೀಸಿನಲ್ಲಿ ನನ್ನ ಅಕ್ಷರ ಮುತ್ತಿನಂತಿದೆ ಎಂದು ಹೊರಗಿನವರೂ ಹೇಳುತ್ತಾರೆ. ಹುಡುಗಿ ಸೊಂಟಕ್ಕೆ ಕೈ ಇಟ್ಟು ನೋಡಿದಳು, ಹುಡುಗರ ಕಡೆ ತಿರುಗಿದಳು. "ಹೆಂಗೈತಿ?"

"ಸೊಟ್ಟ ಐತ್ರಿ ಬಾಯಾರ!" ಎಂದು ಎಲ್ಲರಿಗಿಂತ ದೊಡ್ಡದಾಗಿ ಕೂಗಿದ್ದು ಯಾರೆಂದು ಬೇರೆ ಹೇಳಬೇಕೆ?

ಹುಡುಗಿ ನನ್ನ ತೋರುಬೆರಳು ಹಿಡಿದು ತನ್ನ ಅಕ್ಷರದ ಮೇಲೆ ಮೆಲ್ಲಗೆ ತಿರುಗಿಸಿದಳು. ಮನೆಯಲ್ಲಿ ಮರಾಠಿ ಮಾತಾಡುವ ಮಗು. ಮಳೆಗಾಲದ ಮೊದಲಿಗೆ ಬಂದಾಗ ಕನ್ನಡದ ಒಂದು ಮಾತೂ ಬರುತ್ತಿರಲಿಲ್ಲವಂತೆ. ನಾನು ಒಂದನೇ ಇಯತ್ತೆಯಲ್ಲಿದ್ದಾಗ ಈ ಬೆರಳನ್ನು ಮುಟ್ಟಿದ್ದು ನಮ್ಮ ಮಾಸ್ತರರ ಬೆತ್ತ ಮಾತ್ರ. ಆ ಕೋಣೆಯಲ್ಲಿ ನಿಂತು ನನಗೆ ಮತ್ತೊಂದು ಹೊಸ ಹೊಟ್ಟೆಕಿಚ್ಚು ಹುಟ್ಟಿತು. ಮೂಗು ಸೋರುವ, ಗುಂಡಿ ಹರಿದ ಆ ಹುಡುಗರ ಮೇಲೆ! ಸಡ್ಡಕರ ಮೇಲಿನದು ಸಾಲದೆಂದು ಇದನ್ನೂ ಹೊತ್ತುಕೊಂಡು ಬೆಳಗಾವಿಯ ಬಸ್ಸು ಹತ್ತಿದೆ. ತಪ್ಪು ಹಿಡಿಯಲು ಹೋಗಿದ್ದೆನೆಂಬುದು ಬಸ್ಸು ದೇಸೂರ ದಾಟಿದ ಮೇಲೆ ನೆನಪಾಯಿತು.

ಸಂಕ್ರಮಣ ಕಳೆದು ಒಂದು ರವಿವಾರ. ಮಗಳಿಗೆ ಕಾಗುಣಿತ ಎಲ್ಲ ಬಂದಿತ್ತು. ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಿದ್ದಳು, ಕೂಡಿಸಿ ಓದುವುದು ಮಾತ್ರ ಬಾಕಿ. ಇವತ್ತೋ ನಾಳೆಯೋ ಎನ್ನುವ ಹಾಗಿತ್ತು. ನಾನು ವಾರವಿಡೀ ಕುಂದಾ ತಂದು ತಂದು ಕೊಟ್ಟು, "ಬಾಳಾ, ಒಂದು ಸಾಲು, ಒಂದೇ ಸಾಲು" ಎಂದು ಮಗಳನ್ನು ಬೇಡಿದ್ದೆ. ಕುಂದಾ ಖಾಲಿಯಾಗುತ್ತಿತ್ತು, ಓದಲು ಮಾತ್ರ ಬಾಯಿ ತೆರೆಯುತ್ತಿರಲಿಲ್ಲ.

ಇವರು ಬಂದು ಕುಳಿತರು. ಪಾಟಿಯ ಮೇಲೆ ಏನೋ ಬರೆದರು. ನಾನು ಒಳಗಿನ ಕೋಣೆಯಲ್ಲಿ ಪೇಪರ್ ಹಿಡಿದು, ಕಿವಿಯನ್ನು ಮಾತ್ರ ಹೊರಗೆ ಬಿಟ್ಟು ಕುಳಿತಿದ್ದೆ.

"ಆ... ಮೆ..." ಮಗಳ ದನಿ. ಸ್ವಲ್ಪ ತಡೆದು, "ಆ... ಮೆ..."

ಮುಗಿಯಿತು! ಈಗ ಕೂಡಿಸುತ್ತಾಳೆ, ಇವರ ಮುಂದೆಯೇ ಓದುತ್ತಾಳೆ. ಎದ್ದು ಹೋಗಿ ಪಾಟಿ ಕಸಿದುಕೊಳ್ಳಲೇ? ಕರೆಂಟಿನ ಮೇನ್ ಆಫ್ ಮಾಡಲೇ? ಹಗಲು ಹೊತ್ತಿನಲ್ಲಿ ಅದರಿಂದ ಏನುಪಯೋಗ? ಪೇಪರು ಕೈಯಲ್ಲಿ ಮುದ್ದೆಯಾಯಿತು.

ಅಷ್ಟರಲ್ಲಿ ಇವರು ಧಡಕ್ಕನೆ ಎದ್ದರು. "ಸಾಕ, ಸಾಕ! ನನ್ನ ಬಸ್ಸಿಗೆ ಹೊತ್ತಾತು."

"ದೊಡ್ಡಪ್ಪಾ, ನನಗ ಬರಾಕತ್ತೇತಿ!"

"ಬರಾಕತ್ತೇತಿ ಅಂತನ ಎದ್ದೇನವಾ. ನನ್ನ ಮುಂದ ಓದಬ್ಯಾಡ" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಅಡುಗೆಮನೆಯಲ್ಲಿ ಅವರಿಗಾಗಿ ಕಾದಿದ್ದ ಚಹಾ ಹಾಗೆಯೇ ಉಳಿಯಿತು.

ನಾನು ಚಪ್ಪಲಿ ಮೆಟ್ಟಿ ಹಿಂದೆ ಓಡಿದೆ. ಅನಗೋಳದ ಓಣಿ ದಾಟುವಷ್ಟರಲ್ಲಿ ಹಿಡಿದೆ. "ಅಣ್ಣಾವ್ರ, ಏನಿದು? ನಡುವ ಬಿಟ್ಟು ಎದ್ದ ಬಂದ್ರಿ? ಬಸ್ಸಿಗೆ ಇನ್ನೂ ಹೊತ್ತೈತಿ!"

ಅವರು ನಡೆಯುತ್ತಲೇ ಹೇಳಿದರು. "ಮೊದಲನೇ ಓದು ಮನಿದು ಇರ್ತದ್ರಿ, ಮಾಸ್ತರಂದಲ್ಲ. ಹುಡುಗೂರ ತುಟಿ ನೋಡಿದ್ರ ನನಗ ತಿಳೀತದ, ಇವತ್ತ ಬಂತು ಅಂತ. ಆವಾಗ ಪುಸ್ತಕ ಮುಚ್ಚಿಬಿಡ್ತೀನಿ. ಮನಿಗಿ ಹೋಗಿ ಓದ ಅಂತೀನಿ. ಸಂಜೀಕ ಅವರ ಮನಿಗಿ ನಾನ ಹೋಗಿ ಹೇಳಿ ಬರ್ತೀನಿ, ಇವತ್ತ ನಿಮ್ಮ ಕೂಸು ಓದತೈತಿ, ಕೈಯಾಗಿನ ಕೆಲಸ ಬಾಜು ಇಟ್ಟು ಕುಂದರ್ರಿ ಅಂತ."

"ಅವರಿಗೆ ಓದು ಬರ್ದಿದ್ರ?"

"ಕಿವಿ ಇರ್ತಾವಲ್ರಿ?"

ನಾನು ನಿಂತುಬಿಟ್ಟೆ. ಅವರೂ ನಿಂತರು. ಸದಾ ಆಡುತ್ತಿದ್ದ ಅವರ ಕೈಗಳು ಚೀಲದ ಹಿಡಿಕೆಯಲ್ಲಿ ಸುಮ್ಮನಿದ್ದವು.

"ನಮ್ಮ ಹುಡುಗ ಒಂದನೇದಾಗ ಇದ್ದಾಗ ನಾ ಕಣಕುಂಬ್ಯಾಗ ಇದ್ದೆ, ಮನಿಯವರೆಲ್ಲಾ ಖಾನಾಪುರದಾಗ. ರವಿವಾರಕ್ಕೊಮ್ಮೆ ಬಂದು ನಾನ ಕಲಸ್ತಿದ್ದೆ. ಆ ವರ್ಷ ಮಳಿ ಹಿಡೀತ್ರಿ, ರಸ್ತಾ ಬಂದ್ ಆತು, ಬಸ್ಸಿಲ್ಲ. ಮಳಿ ಬಿಟ್ಟ ಮ್ಯಾಲೆ ಮನಿಗಿ ಬಂದ್ರ, ಬೆಂಕಿಪೆಟಿಗಿ ಮ್ಯಾಲಿಂದು, ಸಾಬಾಣದ ಮ್ಯಾಲಿಂದು, ಎಲ್ಲಾ ಗಳಗಳ ಓದಿ ತೋರಿಸಿದ. ಮೊದಲ ಯಾವದು ಓದಿದ್ಯೋ ಅಂದೆ. ಯಾರಿಗೂ ನೆನಪಿರಲಿಲ್ಲ." ಅವರು ನಕ್ಕರು, ಆದರೆ ಹಲ್ಲು ಕಿಸಿಯಲಿಲ್ಲ. "ನಿಮ್ಮ ಮ್ಯಾಲೆ ನನಗ ಭಾಳ ಹೊಟ್ಟಿಕಿಚ್ಚ ಐತ್ರಿ ಸಾಹೇಬ್ರ. ಹೋಗ್ರಿ, ಕೂಸು ಕಾಯಾಕತ್ತೇತಿ."

ನನ್ನ ಮೇಲೆ! ಎಂ.ಎ. ಫಸ್ಟ್ ಕ್ಲಾಸಿಗೆ, ಅರ್ಧ ಖಾನಾಪುರವನ್ನು ಎರಡು ಚಪ್ಪಾಳೆಯಲ್ಲಿ ಕೂರಿಸುವವರಿಗೆ, ನನ್ನ ಮೇಲೆ ಹೊಟ್ಟೆಕಿಚ್ಚು! ಇಷ್ಟು ವರ್ಷ ಜತನದಿಂದ ಕಾಪಾಡಿಕೊಂಡು ಬಂದ ನನ್ನ ಕಿಚ್ಚಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಅದಕ್ಕೂ ಸಿಟ್ಟು ಬಂತು ನೋಡಿ! ಇಷ್ಟೊಂದು ಮಕ್ಕಳಿಗೆ ಓದು ಕಲಿಸಿ ಒಂದರ ಮೊದಲ ಸಾಲನ್ನೂ ಕೇಳದ ಮನುಷ್ಯ ಇವರು. ಇವರನ್ನು ಹೀಗೆ ಕಳಿಸಿ ನಾನೊಬ್ಬನೇ ಮನೆಯಲ್ಲಿ ಕುಳಿತು ಕೇಳಲೇ?

ನಾನು ಮನೆಗೆ ಓಡಿದೆ. ಮಗಳು ಪಾಟಿ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. "ಅಪ್ಪಾ, ಓದಲಿ?"

"ಈಗಲ್ಲ ಬಾಳಾ, ಬಾಯಿ ಮುಚ್ಚು, ಗಟ್ಟಿ ಮುಚ್ಚು!" ಎಂದು ಅವಳನ್ನು ಪಾಟಿಯ ಸಮೇತ ಎತ್ತಿಕೊಂಡು ತಿರುಗಿ ಓಡಿದೆ. "ಏನಾತ್ರಿ?" ಎಂದು ಹೆಂಡತಿ ಕೂಗಿದಳು. ಆಗಲೇ ಓಣಿಯ ತಿರುವು ದಾಟಿದ್ದೆ.

ಸಿಟಿ ಬಸ್ಸು ಬಂದು ನಿಂತಿತ್ತು. ಸಡ್ಡಕರ ಒಂದು ಕಾಲು ಮೆಟ್ಟಿಲ ಮೇಲಿತ್ತು. ನಮ್ಮನ್ನು ನೋಡಿದವರೇ ಎರಡೂ ಕಿವಿಗೆ ಬೆರಳು ಹಾಕಿಕೊಂಡರು!

"ಮಾಸ್ತರ, ಹತ್ತಾವ್ರೋ ಇಳ್ಯಾವ್ರೋ?" ಎಂದ ಕಂಡಕ್ಟರ್.

ನಾನು ಮಗಳನ್ನು ಇಳಿಸಿ, ಅವರ ಎರಡೂ ಕೈಗಳನ್ನು ಹಿಡಿದು ಕಿವಿಯಿಂದ ಎಳೆದೆ. ಖಡುವಿನ ಪುಡಿಗೆ ಒರಟಾದ ಕೈಗಳು. ಬಿಡಿಸಿಕೊಳ್ಳಲು ನೋಡಿದರು. ಹಾಲು ಹಿಂಡಿದ ಕೈ ನನ್ನದು, ಬಿಟ್ಟೀತೆ? "ಓದು ಬಾಳಾ!" ಎಂದೆ.

ಮಗಳು ಪಾಟಿಯನ್ನು ಮೂಗಿನ ಹತ್ತಿರ ತಂದಳು. ತುಟಿಗಳು ಅಲ್ಲಾಡಿದವು.

"ಆಮೆ... ಬೇಗ... ಬೇಗ... ಊ... ಊರಿಗೆ... ಹೋ..." ಉಸಿರು ತೆಗೆದುಕೊಂಡಳು. ಕಂಡಕ್ಟರ್ ಸೀಟಿಯನ್ನು ತುಟಿಯಲ್ಲಿಟ್ಟುಕೊಂಡು ಊದದೆ ನಿಂತಿದ್ದ. "...ಹೋಯಿತು!"

ಸಡ್ಡಕರ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಕೈಗಳು ನನ್ನ ಹಿಡಿತದಲ್ಲಿದ್ದವು.

ಮಗಳು ಪಾಟಿಯನ್ನು ಕೆಳಗಿಳಿಸಿದಳು. ಕಲಿಸಿದವರು ಎದುರಿಗೇ ನಿಂತಿದ್ದರು. ಅವಳು ಅವರ ಕಡೆ ನೋಡಲಿಲ್ಲ. ಕತ್ತೆತ್ತಿ, ಓದಿದ್ದು ಖರೇ ಹೌದೋ ಅಲ್ಲವೋ ಎಂದು ಕೇಳುವವಳ ಹಾಗೆ, ನನ್ನ ಮುಖ ನೋಡಿದಳು.

ಅದನ್ನು ಸಡ್ಡಕರೂ ಕಂಡರು. ನಾನು ಅವರ ಕೈ ಬಿಡಲಿಲ್ಲ. ಬಸ್ಸು ಅವರನ್ನು ಬಿಟ್ಟು ಹೋಯಿತು.